ವಿಮಾನದಲ್ಲಿ ಹಾರಿದ ಭಂಡಾರ

ಆಕಾಶದಲ್ಲಿ ಕಾಣುವ ಯಾವ ಬೆಳಕಿಗೂ ನಾನು ಹೆದರುವವನಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಈಗ ಬೇರೆ ಯಾರೂ ಹೇಳುತ್ತಿಲ್ಲ.

ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಒಮ್ಮೆ ದೇವದುರ್ಗದ ಕಡೆಯ ಒಂದು ಹಳ್ಳಿಗೆ ಹೋಗಿದ್ದಾಗ, ಸಂಜೆ ಆಕಾಶದಲ್ಲಿ ದೀಪಗಳ ಸಾಲೊಂದು ಮೆರವಣಿಗೆ ಹೊರಟಿತು. ಲೋಕವೇ ಮುಗಿಯಿತೆಂದು ಜನ ಒಲೆ ಆರಿಸಿ ಕಟ್ಟೆಗೆ ಬಂದು ಕೂತರು. ನಾನು ಎದ್ದು ನಿಂತು, "ಅವು ಉಪಗ್ರಹ ಅದಾವ, ಹೋಗಿ ರೊಟ್ಟಿ ಬಡೀರಿ" ಎಂದೆ. ಮರುದಿನ ಲೋಕ ಇದ್ದಲ್ಲೇ ಇತ್ತು. ಅಂದಿನಿಂದ ನನ್ನ ಹೆಸರು ಬೆಳೆಯಿತು. ಬೆಳೆಯುತ್ತಾ ಹೋಗಿ ಮಂಗಳೂರು ಮುಟ್ಟಿ, ಅಲ್ಲಿನ ಶಿಕ್ಷಕರ ಸಮ್ಮೇಳನದಲ್ಲಿ "ಆಕಾಶದ ವಿಚಿತ್ರ ಬೆಳಕುಗಳು ಮತ್ತು ವಿಮಾನ ಸುರಕ್ಷತೆ" ಎಂಬ ಉಪನ್ಯಾಸಕ್ಕೆ ಕರೆ ಬಂತು. ನಾನು ಅದುವರೆಗೆ ವಿಮಾನವನ್ನು ಕೆಳಗಿನಿಂದ ಮಾತ್ರ ನೋಡಿದ್ದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಂಗಳೂರಿನಲ್ಲಿ ತಂಗಿ ಇದ್ದಾಳೆಂದು ನನ್ನ ಹೆಂಡತಿ ನಾಗಮ್ಮನೂ ಹೊರಟಳು. ಹೊರಡುವ ಮುನ್ನ ನೀರಮಾನ್ವಿ ಯಲ್ಲಮ್ಮನ ಭಂಡಾರದ ಪೊಟ್ಟಣವನ್ನು ಕೈಚೀಲದಲ್ಲಿ ಇಟ್ಟುಕೊಂಡಳು. ಭಂಡಾರವೆಂದರೆ ದೇವಿಯ ಅರಿಷಿಣ. ನಮ್ಮ ಕಡೆ ಕಷ್ಟ ಬಂದರೂ ಹಾರಿಸುತ್ತಾರೆ, ಸುಖ ಬಂದರೂ ಹಾರಿಸುತ್ತಾರೆ.

"ನಾನು ಮೂಢನಂಬಿಕಿ ವಿರುದ್ಧ ಭಾಷಣ ಮಾಡಾಕ ಹೊಂಟೀನಿ. ನೀನು ಭಂಡಾರ ಕಟಗೊಂಡು ಬರ್ತಿಯಲ್ಲ, ಮಂದಿ ಏನಂದಾರು?" ಎಂದೆ.

"ನಿಮ್ಮ ಭಾಷಣ ನಿಮ್ಮ ಚೀಲದಾಗ ಇರ್ಲಿ, ನಮ್ಮವ್ವ ನನ್ನ ಚೀಲದಾಗ ಇರ್ತಾಳ. ಒಂದಕ್ಕೊಂದು ತಾಗಂಗಿಲ್ಲ ಬಿಡ್ರಿ."

ರಾಯಚೂರಿನಿಂದ ಬಸ್ಸು ಹತ್ತಿ ಹೈದರಾಬಾದು ಸೇರಿ, ಅಲ್ಲಿ ವಿಮಾನ ಹತ್ತಿದೆವು. ಕಿಟಕಿಯ ಸೀಟಿನಲ್ಲಿ ನಾನು, ನಡುವೆ ನಾಗಮ್ಮ, ಅವಳ ಆಚೆಗೆ ಹತ್ತಿಯಂತೆ ಬೆಳ್ಳಗಿನ ತಲೆಯ ಒಬ್ಬ ಮಂಗಳೂರಿನ ಹಿರಿಯರು. ಸೆಕೆಯೆಂದು ತಲೆಯ ಮೇಲಿನ ಗಾಳಿಯ ಕೊಳವೆಯನ್ನು ಪೂರ್ತಿ ತಿರುವಿ ಬಿಟ್ಟೆ. ಇದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಮಳೆಗಾಲದ ಮೋಡಗಳ ಮೇಲೆ ಬಂದ ಮೇಲೆ ಕಿಟಕಿಯಿಂದ ಕೆಳಗೆ ನೋಡಿದರೆ, ಮೋಡದ ಮೇಲೆ ನಮ್ಮ ವಿಮಾನದ ಪುಟ್ಟ ನೆರಳು ಓಡುತ್ತಿತ್ತು. ಅದರ ಸುತ್ತ ದುಂಡಗೆ ಕಾಮನಬಿಲ್ಲಿನ ಬಣ್ಣದ ಬಳೆ! ನನ್ನ ಉಪನ್ಯಾಸದ ಮೊದಲ ಚಿತ್ರವೇ ಅದು. ಚಿತ್ರದಲ್ಲಿ ನೂರು ಸಲ ನೋಡಿದ್ದನ್ನು ಕಣ್ಣಾರೆ ಕಂಡು ನನಗೆ ಹೇಳಲಾಗದಷ್ಟು ಸಂತೋಷವಾಯಿತು.

ನಾಗಮ್ಮ ಬಗ್ಗಿ ನೋಡಿ ಕೈಮುಗಿದಳು. "ಯಲ್ಲಮ್ಮನ ಪ್ರಭಾವಳಿ. ನಮ್ಮ ಸಂಗಾಟ ಬರಾಕತ್ತಾಳ ನೋಡ್ರಿ."

"ಪ್ರಭಾವಳಿ ಅಲ್ಲ," ಎಂದು ನಾನು ಹಿಂದಿನ ಎರಡು ಸಾಲುಗಳಿಗೂ ಕೇಳುವಂತೆ ಶುರುಮಾಡಿದೆ. "ಸೂರ್ಯ ನಮ್ಮ ಬೆನ್ನ ಹಿಂದ ಅದಾನ. ಮೋಡದಾಗಿನ ನೀರಿನ ಹನಿ ಬೆಳಕನ್ನ ಬಂದ ದಾರಿಗೇ ತಿರುಗಿಸಿ ಕಳಸ್ತಾವ. ಅಷ್ಟ."

"ಹಾಗಾದರೆ ಇದರಿಂದ ವಿಮಾನಕ್ಕೆ ತೊಂದರೆ ಏನೂ ಇಲ್ಲ ಅಲ್ವಾ?" ಎಂದು ಹಿರಿಯರು ಕೇಳಿದರು.

"ಬೆಳಕಿನಿಂದ ಇಲ್ಲ" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಇಂದು ನಾನು ಗೌರವಾನ್ವಿತ ಮನುಷ್ಯ. ಆದರೆ ಮಾಸ್ತರ ಜಾತಿಗೆ ಗಂಟೆ ಹೊಡೆಯದೆ ಬಾಯಿ ಮುಚ್ಚಿ ಗೊತ್ತಿಲ್ಲ.

"ಆದರೆ," ಎಂದು ಮುಂದುವರಿಸಿದೆ, "ಈ ಬಳೆ ಕಂಡಿತೆಂದರೆ ಮೋಡದಲ್ಲಿರುವುದು ನೀರಿನ ಹನಿ ಎಂದರ್ಥ. ಇಷ್ಟು ಎತ್ತರದ ಚಳಿಯಲ್ಲೂ ಅದು ಹೆಪ್ಪುಗಟ್ಟದೆ ನೀರಾಗಿಯೇ ಉಳಿದಿದ್ದರೆ, ರೆಕ್ಕೆಗೆ ತಾಗಿದ ಕೂಡಲೇ ಮಂಜುಗಡ್ಡೆಯಾಗಿ ಅಂಟುತ್ತದೆ. ಅಂಟುತ್ತಾ ಹೋದರೆ ರೆಕ್ಕೆಯ ಆಕಾರ ಕೆಡುತ್ತದೆ. ಆಕಾರ ಕೆಟ್ಟರೆ..." ಎಂದು ಅಂಗೈಯನ್ನು ಮೆಲ್ಲಗೆ ಕೆಳಮುಖ ಮಾಡಿ ತೋರಿಸಿದೆ.

"ಕೈ ಮ್ಯಾಲ ಮಾಡ್ರಿ," ಎಂದಳು ನಾಗಮ್ಮ.

ಹಿಂದಿನ ಸಾಲಿನಲ್ಲಿ ಮಗುವೊಂದು ಅಳತೊಡಗಿತು. ಗಗನಸಖಿ ನಗುಮುಖದಿಂದ ಬಂದು, "ಸರ್, ರೆಕ್ಕೆಯ ಮಂಜು ಕರಗಿಸುವ ವ್ಯವಸ್ಥೆ ವಿಮಾನದಲ್ಲೇ ಇದೆ. ದಯವಿಟ್ಟು ಈ ಮಾತು ಬೇಡ. ಸ್ವಲ್ಪ ನೀರು ಕೊಡಲಾ?" ಎಂದಳು. ನೀರೆಂದ ಕೂಡಲೇ ನಾನು ತಿರುಗಿ ರೆಕ್ಕೆಯನ್ನು ನೋಡಿದೆ. ಊರಿಗೆಲ್ಲ ವಿವರಿಸುತ್ತ ವಿವರಿಸುತ್ತ ನನಗೇ ನನ್ನ ವಿವರಣೆಯ ಮೇಲೆ ನಂಬಿಕೆ ಬಂದುಬಿಟ್ಟಿತ್ತು. ಇಪ್ಪತ್ತು ವರ್ಷದ ಪಾಠದಲ್ಲಿ ನನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳಿದ ವಿದ್ಯಾರ್ಥಿ ನಾನೊಬ್ಬನೇ.

ಅಷ್ಟರಲ್ಲಿ ವಿಮಾನ ಇಳಿಯಲು ಮೋಡದೊಳಗೆ ನುಗ್ಗಿತು. ಬಳೆ ಮಾಯವಾಯಿತು. ಕಿಟಕಿಯ ತುಂಬ ಬರೀ ಬಿಳುಪು.

"ಅವ್ವ ಎಲ್ಲಿ ಹೋದಳ್ರೀ?" ಎಂದಳು ನಾಗಮ್ಮ.

ಅವಳ ಮಾತು ಮುಗಿಯುವ ಮೊದಲೇ ಆ ಬಿಳುಪೆಲ್ಲ ಒಮ್ಮೆಲೇ ಕೆಂಪಾಯಿತು. ಮತ್ತೆ ಬೆಳ್ಳಗಾಯಿತು. ಮತ್ತೆ ಕೆಂಪು! ಬಿರುಗಾಳಿಯಲ್ಲಿ ಹಡಗಿನ ತುದಿಗೆ, ವಿಮಾನದ ರೆಕ್ಕೆಗೆ ತಣ್ಣನೆಯ ಬೆಂಕಿ ಹೊತ್ತಿಕೊಳ್ಳುತ್ತದೆಂದು ಓದಿದ್ದೆ. ಅದು ನೀಲಿಯಾಗಿರುತ್ತದೆ, ನಿರಪಾಯವಾಗಿರುತ್ತದೆ ಎಂದೂ ಓದಿದ್ದೆ. ಆ ಕ್ಷಣಕ್ಕೆ ಓದಿದ್ದರಲ್ಲಿ ನೆನಪಿದ್ದದ್ದು ಬೆಂಕಿ ಮಾತ್ರ. ಸರಿಯಾಗಿ ಆಗಲೇ ವಿಮಾನ ಗುಂಡಿಗೆ ಬಿದ್ದ ಎತ್ತಿನ ಗಾಡಿಯಂತೆ ಧಡ್ ಎಂದಿತು.

ಮುಂದೆ ನಡೆದದ್ದನ್ನು ನಾನು ಮಾಡಿದೆ ಎನ್ನುವುದಕ್ಕೆ ಸಾಕ್ಷಿಗಳಿದ್ದಾರೆ, ಆದ್ದರಿಂದ ಒಪ್ಪಿಕೊಳ್ಳುತ್ತೇನೆ. ನಾಗಮ್ಮನ ಕೈಚೀಲಕ್ಕೆ ಕೈ ಹಾಕಿದೆ. ಪೊಟ್ಟಣ ಹರಿದೆ. "ಉಧೋ ಉಧೋ ಯಲ್ಲಮ್ಮಾ!" ಎಂದು ಕೂಗಿ ಇಡೀ ಭಂಡಾರವನ್ನು ಮೇಲಕ್ಕೆ ಹಾರಿಸಿದೆ.

ಊರಲ್ಲಿ ಹಾರಿಸಿದ ಭಂಡಾರ ನೆಲಕ್ಕೆ ಬೀಳುತ್ತದೆ. ಇಲ್ಲಿ ಗಾಳಿಯ ಕೊಳವೆ ಅದನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಹಂಚಿತು. ಹಳದಿ ಮೋಡವೊಂದು ಸೀಟುಗಳ ಮೇಲೆ ತೇಲಿತು. ಯಾರೋ "ಹೊಗೆ, ಹೊಗೆ" ಎಂದು ಚೀರಿದರು. ಗಗನಸಖಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿ ಬಂದು ನನ್ನ ಮುಖಕ್ಕೆ ಗುರಿಯಿಟ್ಟಳು. ಆಮೇಲೆ ಮೂಗೆಳೆದು ನೋಡಿ ಸಿಲಿಂಡರ್ ಕೆಳಗಿಳಿಸಿದಳು. "ಅರಿಶಿನ," ಎಂದಳು. ಅವಳಿಗೆ ಅಳು ಬರುತ್ತಿತ್ತೋ ನಗು ಬರುತ್ತಿತ್ತೋ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಪೈಲಟ್ಟಿನ ದನಿ ಕೇಳಿಸಿತು. ಹೊರಗೆ ಮಿನುಗುತ್ತಿರುವ ಕೆಂಪು ಬೆಳಕು ನಮ್ಮ ವಿಮಾನದ್ದೇ ದೀಪ, ಮೋಡಕ್ಕೆ ಬಡಿದು ಮರಳಿ ಕಾಣುತ್ತಿದೆ, ಯಾರೂ ಗಾಬರಿಯಾಗಬೇಡಿ ಎಂದ. ವಿಮಾನವಿಡೀ ತಿರುಗಿ ನನ್ನನ್ನೇ ನೋಡಿತು.

ನಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಈ ಹಳದಿ ಬೆಳಕಿಗಿ ನಿಮ್ಮ ಪುಸ್ತಕದಾಗ ಏನಂತಾರ್ರೀ?"

ಮಂಗಳೂರಿನಲ್ಲಿ ಇಳಿದ ಕೂಡಲೇ ಭದ್ರತೆಯವರು ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ನನಗೆ ಒಂದೇ ಚಿಂತೆ: ಸಂಜೆಯ ಉಪನ್ಯಾಸ ತಪ್ಪಿದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಅಧಿಕಾರಿ ನನ್ನ ಉದ್ಯೋಗ ಕೇಳಿದ. ವಿಜ್ಞಾನದ ಮಾಸ್ತರ ಎಂದೆ. ಬಂದ ಕಾರಣ ಕೇಳಿದ. "ವಿಮಾನ ಸುರಕ್ಷತೆ ಕುರಿತು ಉಪನ್ಯಾಸ," ಎಂದೆ. ಆತ ಪೆನ್ನು ಕೆಳಗಿಟ್ಟು ಗೋಡೆಯ ಕಡೆ ತಿರುಗಿದ. ಅವನ ಹೆಗಲು ಬಹಳ ಹೊತ್ತು ಕುಲುಕುತ್ತಿತ್ತು. ಕೊನೆಗೆ ಗದರಿಸಿ ಬುದ್ಧಿ ಹೇಳಿ ಕಳುಹಿಸಿದ.

ಮುಖ ತೊಳೆದೆ. ಅರಿಷಿಣ ಸೋಪಿಗೆ ಹೆದರುವ ಪದಾರ್ಥವಲ್ಲ. ಮದುಮಗನ ಬಣ್ಣದಲ್ಲೇ ಸಭೆಗೆ ಓಡಿದೆ. ತಡವಾಗಿದ್ದರೂ ಸಭೆ ಕಾಯುತ್ತಿತ್ತು. ಇಲ್ಲಿಯ ಯಾರಿಗೂ ವಿಮಾನದ ಕಥೆ ಗೊತ್ತಿಲ್ಲ ಎಂಬ ಧೈರ್ಯದಿಂದ ವೇದಿಕೆ ಹತ್ತಿದೆ. ಅಧ್ಯಕ್ಷರ ಕುರ್ಚಿಯಲ್ಲಿ ಹತ್ತಿಯಂಥ ತಲೆಯ ಹಿರಿಯರು ಕೂತಿದ್ದರು. ಹತ್ತಿ ಈಗ ಹಳದಿಯಾಗಿತ್ತು.

ಅವರು ಮೈಕು ಹಿಡಿದು, "ಮಾಸ್ಟ್ರ ಪರಿಚಯ ನಾನೇ ಮಾಡುತ್ತೇನೆ ಮಾರಾಯ್ರೇ. ಇವರ ಉಪನ್ಯಾಸ ಮಧ್ಯಾಹ್ನ ವಿಮಾನದಲ್ಲೇ ಕೇಳಿದ್ದೇನೆ, ಪ್ರಯೋಗವನ್ನೂ ನೋಡಿದ್ದೇನೆ. ಉಳಿದದ್ದು ನಿಮಗೆ," ಎಂದರು.

ನಾನು ಬರುವವರೆಗೆ ಅವರು ಸಭೆಗೆ ವಿಮಾನದ ಕಥೆಯನ್ನೇ ಹೇಳಿ ಮುಗಿಸಿದ್ದರಂತೆ. ಆಕಾಶದ ಬೆಳಕು ಕಂಡಾಗ ಗಾಬರಿಯಾಗಬಾರದು ಎಂಬ ನನ್ನ ಮೊದಲ ವಾಕ್ಯಕ್ಕೆ ಸಭೆ ಹೊಡೆದಷ್ಟು ಚಪ್ಪಾಳೆಯನ್ನು ನಾನು ಜೀವಮಾನದಲ್ಲಿ ಕೇಳಿಲ್ಲ.

ಮಾನ್ವಿಗೆ ಮರಳುವಷ್ಟರಲ್ಲಿ, ಬೀಳುತ್ತಿದ್ದ ವಿಮಾನವನ್ನು ಯಲ್ಲಮ್ಮ ಹಿಡಿದು ಇಳಿಸಿದಳೆಂಬ ಸುದ್ದಿ ನಾಗಮ್ಮನ ಫೋನಿನಿಂದ ಓಣಿಯೆಲ್ಲ ಹಬ್ಬಿತ್ತು. ಅಲ್ಲಗಳೆಯೋಣವೆಂದರೆ ಭಂಡಾರ ಹಾರಿಸಿದವನು ನಾನೇ.

"ಪೊಟ್ಟಣ ಖಾಲಿ ಮಾಡಿದವ್ರು ನೀವು. ತುಂಬಿಸ್ಕೊಂಡು ಬರೋರೂ ನೀವ," ಎಂದು ನಾಗಮ್ಮ ಮರುದಿನವೇ ನನ್ನನ್ನು ನೀರಮಾನ್ವಿಗೆ ಅಟ್ಟಿದಳು.

ಗುಡಿಯ ಮುಂದೆ ಭಂಡಾರ ಮಾರುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ ಹುಲಿಗೆಮ್ಮ. ನನ್ನನ್ನು ಕಂಡು ತಕ್ಕಡಿ ಹಿಡಿದ ಕೈ ಹಾಗೇ ನಿಂತಿತು.

"ಸರ್, ನೀವು ಇದನ್ನೆಲ್ಲ ನಂಬಂಗಿಲ್ಲಲ್ರೀ?"

"ಈಗೂ ನಂಬಂಗಿಲ್ಲ ಬಿಡವ್ವಾ," ಎಂದೆ. "ನೆಲದ ಮ್ಯಾಲ ಇರೋತನಕ."