ಜರ್ಮನಿಯ ಮಠದಲ್ಲಿ ಹೊಸನಗರದ ಜೈನ

ಒಂದು ಧರ್ಮದ ಮನೆಯಲ್ಲಿ ಹುಟ್ಟಿ ಇನ್ನೊಂದು ಧರ್ಮದ ಮಠದಲ್ಲಿ ಉಣ್ಣಲು ಕೂತವನು ನಗೆಪಾಟಲಾಗದೆ ಎದ್ದು ಬಂದದ್ದುಂಟೇ? ಹೊಸನಗರದ ಜೈನರ ಮನೆಯ ನಾನು ಕ್ರೈಸ್ತ ದೇವತಾಶಾಸ್ತ್ರ, ಮಧ್ಯಯುಗದ ಕಲೆ ಓದಲು ಜರ್ಮನಿಯ ಹಳೆಯ ಮಠವೊಂದಕ್ಕೆ ಹೋಗಿದ್ದೆ. "ಮೂರು ತಿಂಗಳು ನೋಡುತ್ತೇವೆ. ಮೌಖಿಕ ಪರೀಕ್ಷೆ ಪಾಸಾದರೆ ಇರು, ಇಲ್ಲವಾದರೆ ಊರಿಗೆ ಹೊರಡು" ಎಂದು ಮಠದ ಹಿರಿಯರು ಬಂದ ದಿನವೇ ಹೇಳಿದ್ದರು. ಈಗ ಸಾಗರದ ಕಾಲೇಜಿನಲ್ಲಿ ಪಾಠ ಮಾಡುತ್ತಾ ಅದನ್ನೆಲ್ಲ ನೆನೆದರೆ ನಗು ಬರುತ್ತದೆ. ಮತ್ತೆ ಅಲ್ಲಿಗೇ ಹೋಗಿಬಿಡೋಣ ಅನ್ನಿಸುತ್ತದೆ.

೧. ಆಲೂಗೆಡ್ಡೆ

ನೆಲದಡಿ ಬೆಳೆಯುವ ಗೆಡ್ಡೆಗಳನ್ನು ನಮ್ಮ ಮನೆಯಲ್ಲಿ ತಿನ್ನುವುದಿಲ್ಲ. ಆ ಮಠದಲ್ಲೋ ಆಲೂಗೆಡ್ಡೆಯಿಲ್ಲದೆ ಊಟವೇ ಇಲ್ಲ. ಊಟದ ಹೊತ್ತಿಗೆ ಮಾತಾಡುವಂತೆಯೂ ಇಲ್ಲ. ಮೊದಲ ದಿನ ನಾನು ಅಡುಗೆಯ ಸಂನ್ಯಾಸಿಗೆ ತಟ್ಟೆಯ ಆಲೂಗೆಡ್ಡೆ ತೋರಿಸಿ, ನೆಲ ತೋರಿಸಿ, ಬೇಡವೆಂದು ಕೈಯಾಡಿಸಿದೆ.

ಅವರು ಅಯ್ಯೋ ಪಾಪ ಎಂಬಂತೆ ನೋಡಿದರು. ನೆಲಕ್ಕೆ ಬಿದ್ದಿತ್ತು ಎಂದುಕೊಂಡು ಅದನ್ನು ತೆಗೆದು, ದೊಡ್ಡವು ಎರಡು ತಂದು ಹಾಕಿದರು.

೨. ಹೊತ್ತು ಮುಳುಗುವ ಮುಂಚೆ

ಕತ್ತಲಾದ ಮೇಲೆ ನಾವು ಉಣ್ಣುವುದೂ ಇಲ್ಲ. ಚಳಿಗಾಲ ಬಂದಂತೆ ಅಲ್ಲಿ ಸೂರ್ಯ ನಾಲ್ಕಕ್ಕೇ ಮುಳುಗತೊಡಗಿದ. ಮಧ್ಯಾಹ್ನದ ತಟ್ಟೆ ತೊಳೆದಿಡುವಷ್ಟರಲ್ಲಿ ರಾತ್ರಿಯೂಟಕ್ಕೆ ಕೂರಬೇಕು. ವಿಡಿಯೋ ಕಾಲ್‌ನಲ್ಲಿ ಹೇಳಿದರೆ ಅಮ್ಮ ನಂಬಲೇ ಇಲ್ಲ.

"ನಾಲ್ಕು ಗಂಟೆಗೆ ಎಂತ ಕತ್ತಲೆನೋ? ಮೋಡ ಇರ್ಬೇಕು, ಸರಿ ನೋಡು. ನಮ್ಮೂರ ಹತ್ರ ಮಾಸ್ತಿಕಟ್ಟೇಲಿ ಮಳೆಗಾಲ ಇಡೀ ಹಂಗೇ ಇರತ್ತೆ. ಅಲ್ಲಿಯವ್ರೇನು ಉಪವಾಸ ಬಿದ್ದಿದಾರಾ?"

೩. ಪರೀಕ್ಷೆ

ಮೂರು ತಿಂಗಳು ಮುಗಿದು ಪರೀಕ್ಷೆಯ ದಿನ ಬಂತು. ಹೋಗಬೇಡ ಎಂದ ನೆಂಟರಿಷ್ಟರಿಗೆಲ್ಲ ಎದುರಾಡಿ ಬಂದಿದ್ದೆ. ಫೇಲಾಗಿ ವಾಪಸಾದರೆ ಅವರಿಗೆ ಮುಖ ತೋರಿಸುವಂತಿರಲಿಲ್ಲ.

ಪ್ರೊಫೆಸರ್ ನನ್ನನ್ನು ಹಳೆಯ ಕಲ್ಲಿನ ಮೂರ್ತಿಯೊಂದರ ಮುಂದೆ ನಿಲ್ಲಿಸಿದರು. ಮುಖ ಒಡೆದುಹೋಗಿತ್ತು. ಕಾಲ ಬಳಿ ಸಿಂಹ.

"ಇವರು ಯಾರು?"

ನಮ್ಮ ಬಸದಿಗಳಲ್ಲಿ ತೀರ್ಥಂಕರರ ಮುಖಗಳು ಹೆಚ್ಚುಕಡಿಮೆ ಒಂದೇ. ಪೀಠದಲ್ಲಿ ಗೂಳಿಯಿದ್ದರೆ ಆದಿನಾಥ, ಸಿಂಹವಿದ್ದರೆ ಮಹಾವೀರ ಎಂದು ಗುರುತು ಹಿಡಿಯುವುದನ್ನು ಅಜ್ಜ ಕಲಿಸಿದ್ದರು. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಅದೇ.

"ಮಹಾವೀರ!"

ಅದು ಸಂತ ಮಾರ್ಕನ ಮೂರ್ತಿ; ಸಿಂಹ ಅವನ ಗುರುತೂ ಹೌದು. ಪ್ರೊಫೆಸರ್ ಕನ್ನಡಕ ತೆಗೆದು ಮಹಾವೀರ ಯಾರೆಂದು ವಿಚಾರಿಸಿದರು. ಸಿಂಹದ ಲೆಕ್ಕಾಚಾರವನ್ನೆಲ್ಲ ತೊದಲುತ್ತಾ ವಿವರಿಸಿದೆ.

"ಅವರು ಎಂಥ ಬಟ್ಟೆ ಹಾಕುತ್ತಾರೆ?"

"ಹಾಕುವುದಿಲ್ಲ ಸರ್. ದಿಗಂಬರರು."

"ಮತ್ತೆ ಇವರು ಇಷ್ಟು ದಪ್ಪ ನಿಲುವಂಗಿ ತೊಟ್ಟಿದ್ದಾರಲ್ಲ?"

"ಇಲ್ಲಿ ಚಳಿ ಜಾಸ್ತಿ ಅಲ್ವಾ ಸರ್."

ಪ್ರೊಫೆಸರ್ ಮೇಜು ತಟ್ಟಿ ನಕ್ಕರು. "ಹೆಸರು ತಪ್ಪು, ನೋಡುವ ಕ್ರಮ ಸರಿ. ಪಾಸ್!" ಎಂದರು. ನನಗೆ ಅಳುವೇ ಬಂತು.

ಪಕ್ಕದಲ್ಲಿ ಕೂತಿದ್ದ ಹಿರಿಯರು ಮಾತ್ರ ನಗಲಿಲ್ಲ. ನನ್ನ ಕಾಗದಕ್ಕೆ ಸಹಿ ಹಾಕಿ, ಅಡುಗೆಯ ಸಂನ್ಯಾಸಿಯನ್ನು ಕರೆಸಿ ಗಂಭೀರವಾಗಿ ಹೇಳಿದರು:

"ಈತ ಇನ್ನು ಇಲ್ಲೇ ಇರುತ್ತಾನೆ. ತನ್ನ ಧರ್ಮದಲ್ಲಿ ಬಹಳ ನಿಷ್ಠೆಯವನು. ಬೇಸಿಗೆ ಬಂದಾಗ ಸ್ವಲ್ಪ ಕಣ್ಣಿಟ್ಟಿರಿ."