ಐದು ಕೋಟಿ ಡಾಲರಿನ ಮೊಣಕಾಲು

ಅಮೆರಿಕದ ಮಿಲ್ವಾಕಿಯಲ್ಲಿ ಆಯುಷ್ಯವೆಲ್ಲ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನನ್ನು ಕಾಡುವ ದೊಡ್ಡ ಕೊರತೆ ದುಡ್ಡಿನದಲ್ಲ, ಶ್ರೋತೃಗಳದು. ಬಸ್ಸಿನಲ್ಲಿ ನನ್ನ ಮಾತು ಬೇಡವೆನಿಸಿದವರೂ ಮುಂದಿನ ನಿಲ್ದಾಣದವರೆಗೆ ಕೇಳಲೇಬೇಕಿತ್ತು. ಮನೆಯಲ್ಲಿ ಆ ಕಟ್ಟುಪಾಡಿಲ್ಲ. ನನ್ನ ಹೆಂಡತಿ ಡೋರೀನ್ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ನಾನು ಬಾಯಿ ತೆರೆದ ಕೂಡಲೇ ಅವಳ ಕಾಲು ತಾನಾಗಿಯೇ ಪೆಡಲಿನ ಮೇಲೆ ಹೋಗುತ್ತದೆ. (ಬಟ್ಟೆ ಇಲ್ಲದಾಗಲೂ ಯಂತ್ರ ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.)

ಹೀಗಾಗಿ ನಾನು ರೇಡಿಯೋಗೆ ಶರಣಾದೆ. ಸಂಜೆ ಹೊತ್ತು ಕ್ರೀಡಾ ಕಾರ್ಯಕ್ರಮವೊಂದು ಬರುತ್ತದೆ. ಯಾರು ಬೇಕಾದರೂ ಫೋನು ಮಾಡಿ ಎದೆಯ ಭಾರ ಇಳಿಸಿಕೊಳ್ಳಬಹುದು. ಅಲ್ಲಿ ನಾನು 'ಸೌತ್ ಸೈಡ್ ಲೆನ್ನಿ' ಎಂದೇ ಪ್ರಖ್ಯಾತ. ನನ್ನ ಪೂರ್ತಿ ಹೆಸರು ಲೆನರ್ಡ್ ಕುಬಿಯಾಕ್ ಎಂಬುದು ಡೋರೀನಳನ್ನೂ ಪಿಂಚಣಿ ಕಚೇರಿಯನ್ನೂ ಬಿಟ್ಟರೆ ಯಾರಿಗೂ ನೆನಪಿಲ್ಲ.

ನನ್ನ ಧರ್ಮಯುದ್ಧ ಆಂಟ್ವಾನ್ ಡ್ಯುಪ್ರೀ ವಿರುದ್ಧ. ಹೋದ ಬೇಸಿಗೆಯಲ್ಲಿ ನಮ್ಮೂರ ಬ್ಯಾಸ್ಕೆಟ್‌ಬಾಲ್ ತಂಡ ಅವನಿಗೆ 'ಮ್ಯಾಕ್ಸ್' ಒಪ್ಪಂದ ಕೊಟ್ಟಿತು. ಅಂದರೆ ಒಬ್ಬ ಆಟಗಾರನಿಗೆ ಹೆಚ್ಚೆಂದರೆ ಎಷ್ಟು ಕೊಡಬಹುದೆಂದು ನಿಯಮವಿದೆಯೋ ಅಷ್ಟೂ. ವರ್ಷಕ್ಕೆ ಐದು ಕೋಟಿ ಡಾಲರ್. ಇಡೀ ತಂಡದ ಸಂಬಳಕ್ಕೂ ಒಂದು ಮಿತಿ ಇರುವುದರಿಂದ, ಇವನ ತಟ್ಟೆಗೆ ಅಷ್ಟು ಸುರಿದ ಮೇಲೆ ಉಳಿದವರಿಗೆ ಪಾತ್ರೆಯ ತಳ ಕೆರೆಯುವುದೇ ಗತಿ. ಗಸ್ ಹಾಲ್ವರ್ಸನ್ ಎಂಬ ನನ್ನ ಪ್ರೀತಿಯ ಆಟಗಾರನೊಬ್ಬನಿದ್ದ. ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದ, ಕರೆದಾಗ ಎದ್ದು ಬಂದು ನೆಲಕ್ಕೆ ಬಿದ್ದಾದರೂ ಚೆಂಡು ಹಿಡಿಯುತ್ತಿದ್ದ. ಡ್ಯುಪ್ರೀಗೆ ಜಾಗ ಮಾಡಲು ಅವನನ್ನು ಬೇರೆ ಊರಿನ ತಂಡಕ್ಕೆ ಸಾಗಹಾಕಿದರು. ನಾನು ಎರಡು ದಿನ ಬಿಯರ್ ಮುಟ್ಟಲಿಲ್ಲ. (ಡೋರೀನ್ ಒಂದೇ ದಿನ ಎನ್ನುತ್ತಾಳೆ.)

ಅಷ್ಟಾಗಿ, ಡಿಸೆಂಬರಿನಲ್ಲಿ ಡ್ಯುಪ್ರೀಯ ಮೊಣಕಾಲು ತಿರುಚಿಕೊಂಡಿತು. ಅಂದಿನಿಂದ ಅವನು ಪ್ರತಿ ಆಟಕ್ಕೂ ಹೊಸ ಹೊಸ ಸೂಟು ಧರಿಸಿ ಬೆಂಚಿನ ಮೇಲೆ ಮದುಮಗನ ಹಾಗೆ ಕೂರತೊಡಗಿದ. ನಾನು ರೇಡಿಯೋದಲ್ಲಿ ಗುಡುಗಿದೆ: "ಶೂಟ್ ಮಾಡಬೇಕಾದವನು ಸೂಟ್ ಹಾಕ್ಕೊಂಡು ಕೂತಿದ್ದಾನೆ." ಈ ಮಾತು ಊರೆಲ್ಲ ಹಬ್ಬಿತು. ಚರ್ಚಿನಲ್ಲಿ ಶುಕ್ರವಾರದ ಮೀನೂಟಕ್ಕೆ ಹೋದರೆ ಗುರುತಿಲ್ಲದವರೂ ಅದನ್ನು ನನಗೇ ಹೇಳಿ ನಗುತ್ತಿದ್ದರು.

ಡೋರೀನ್ ಮಾತ್ರ ನಗಲಿಲ್ಲ.

"ನಿನ್ನ ಮೊಣಕಾಲು ಹೋದಾಗ ಸಿಟಿ ಬಸ್ಸಿನವರು ಇಡೀ ಚಳಿಗಾಲ ಕೂರಿಸಿ ಸಂಬಳ ಕೊಟ್ರಲ್ಲ," ಎಂದಳು ಸೂಜಿಗೆ ದಾರ ಪೋಣಿಸುತ್ತ. "ಆಗ ನೀನು ಸೂಟೂ ಹಾಕಿರ್ಲಿಲ್ಲ. ಹರಿದ ಪೈಜಾಮದಲ್ಲೇ ಇದ್ದೆ."

ಅದು ಬೇರೆ, ಅದಕ್ಕೆ ಯೂನಿಯನ್ ಇತ್ತು ಎಂದೆ. ಅವರಿಗೂ ಯೂನಿಯನ್ ಇದೆ ಎಂದಳು. ನಾನು ಎದ್ದು ಹೋಗಿ ಫ್ರಿಜ್ ತೆರೆದು ಏನೂ ತೆಗೆಯದೆ ಮುಚ್ಚಿ ಬಂದೆ.

ಶ್ರೋತೃಗಳ ಇಂಥ ಬರಗಾಲದಲ್ಲಿ ನನ್ನ ಪಾಲಿಗೆ ಮಳೆಯಂತೆ ಬಂದವರು ವೆರ್ನೀಟಾ ಸ್ಕೇಲ್ಸ್. ಡೋರೀನಳ ಹೊಸ ಗಿರಾಕಿ. ದಕ್ಷಿಣದ ಊರೊಂದರಲ್ಲಿ ಶಾಲೆಯ ಅಡುಗೆಮನೆಯಲ್ಲಿದ್ದವರು, ಮಗನ ಜೊತೆಗಿರಲು ಇಲ್ಲಿಗೆ ಬಂದವರು. ಎತ್ತರದ ಹೆಂಗಸು, ಮಾತು ನಿಧಾನ. ಶನಿವಾರ ಶನಿವಾರ ಮಗನ ಹೊಸ ಸೂಟಿನ ಪ್ಯಾಂಟುಗಳನ್ನು ತರುತ್ತಿದ್ದರು, ಜೊತೆಗೆ ಮನೆಯಲ್ಲೇ ಬೇಯಿಸಿದ ಸಿಹಿಗೆಣಸಿನ ಪೈ. ಡೋರೀನ್ ಬಟ್ಟೆ ನೋಡುವಷ್ಟು ಹೊತ್ತು ಅಡುಗೆಮನೆಯಲ್ಲಿ ನನ್ನೆದುರು ಕೂತು ಕಾಫಿ ಕುಡಿಯುತ್ತಿದ್ದರು. ಅತಿ ಮುಖ್ಯ ಸಂಗತಿಯೆಂದರೆ, ನಾನು ಹೇಳಿದ್ದನ್ನು ಕೇಳುತ್ತಿದ್ದರು.

ಒಮ್ಮೆ ಇಸ್ತ್ರಿ ಮೇಜಿನ ಮೇಲೆ ಆ ಪ್ಯಾಂಟು ನೋಡಿದೆ. ಮೇಜು ಮುಗಿದರೂ ಪ್ಯಾಂಟು ಮುಗಿದಿರಲಿಲ್ಲ. ಒಂದು ಕಾಲು ಮಾಮೂಲಾಗಿತ್ತು, ಇನ್ನೊಂದನ್ನು ಡೋರೀನ್ ಮೊಣಕಾಲಿನ ಹತ್ತಿರ ಅಗಲ ಮಾಡಿದ್ದಳು. ಕೇಳಿದ್ದಕ್ಕೆ ವೆರ್ನೀಟಾ, ಮಗ ಸ್ವಲ್ಪ ಉದ್ದಕ್ಕೆ ಬೆಳೆದುಬಿಟ್ಟ, ಈಗ ಕಾಲಿಗೆ ಪಟ್ಟಿ ಕಟ್ಟಿದ್ದಾರೆ ಎಂದರು. ಮೆಟ್ಟಿಲು ಹತ್ತಲಾಗದೆ ಕೆಳಗಿನ ಸೋಫಾದ ಮೇಲೆಯೇ ಮಲಗುತ್ತಾನೆ, ಕಾಲುಗಳು ಹೊರಗೆ ಚಾಚಿಕೊಂಡಿರುತ್ತವೆ, ಅಮ್ಮ ಎಚ್ಚರವಾಗಿದ್ದಾಳೆಂದು ತಿಳಿಯದೆ ಒಮ್ಮೊಮ್ಮೆ ಅಳುತ್ತಾನೆ ಎಂದೂ ಹೇಳಿದರು. ಪಾಪ, ಯಾವುದೋ ಗೋದಾಮಿನಲ್ಲಿ ದುಡಿಯುವ ಹುಡುಗನಿರಬೇಕು ಎಂದುಕೊಂಡೆ. (ಉದ್ದದ ಪ್ಯಾಂಟು, ಕೆಟ್ಟ ಮೊಣಕಾಲು, ಪ್ರತಿ ವಾರ ಹೊಸ ಸೂಟು. ನಿಮಗೆ ಆಗಲೇ ಹೊಳೆದಿದೆ. ನನಗೆ ಹೊಳೆಯಲಿಲ್ಲ. ಮಾತಾಡುವವನ ಕಣ್ಣು ಸ್ವಲ್ಪ ಮಂದ.)

ಅವರ ಸಮಾಧಾನಕ್ಕೆಂದು ನಾನು ಡ್ಯುಪ್ರೀಯ ಅನ್ಯಾಯವನ್ನು ಬಣ್ಣಿಸಿದೆ. ನಿಮ್ಮ ಮಗನಂಥವರು ಒದ್ದಾಡುವಾಗ ಅವನೊಬ್ಬನಿಗೆ ಅಷ್ಟು ಯಾಕೆ ಎಂದೆ. ವೆರ್ನೀಟಾ ಪೈ ಕತ್ತರಿಸುತ್ತ ಕೇಳಿದರು:

"ಅವನು ಅರ್ಧ ವಾಪಸ್ ಕೊಟ್ಟ ಅಂತಿಟ್ಕೊಳ್ಳಿ. ನಿಮ್ಮ ಟಿಕೆಟ್ ಅಗ್ಗ ಆಗುತ್ತಾ?"

ಆಗುವುದಿಲ್ಲ, ಆದರೂ ತತ್ತ್ವ ಅಂತ ಒಂದಿದೆ ಎಂದೆ.

"ಆಡೋನಿಗೆ ಇಷ್ಟೇ ಅಂತ ಮಿತಿ ಇದೆ. ಆಡಿಸೋ ಧಣಿಗೆ ಮಿತಿ ಉಂಟಾ?"

ಅಷ್ಟರಲ್ಲಿ ಡೋರೀನ್ ಬಾಗಿಲಲ್ಲಿ ನಿಂತು ಹಾಲು ಮುಗಿದಿದೆ, ತಂದುಕೊಡು ಎಂದಳು. ಹಾಲು ಇದೆಯಲ್ಲ ಎಂದೆ. ಹಾಗಾದರೆ ಹಿಮ ಎತ್ತಿ ಹಾಕು ಎಂದಳು. ಅವಳ ಹುಬ್ಬುಗಳು ಮೇಲೆ ಕೆಳಗೆ ಹಾರುತ್ತಿದ್ದವು. ಕಣ್ಣಿಗೆ ಏನೋ ಬಿದ್ದಿದೆ ಎಂದುಕೊಂಡು ನಾನು ಮುಂದುವರಿಸಿದೆ. ಅವನ ತಾಯಿಯಾದವಳು ಸಾಕು ಮಗನೇ ಎಂದು ಒಂದು ಮಾತು ಹೇಳಬಾರದಿತ್ತೆ, ಬೆಳೆಸಿದವರ ತಪ್ಪು ಇದು ಎಂದೆ.

"ಇರಬಹುದು," ಎಂದರು ವೆರ್ನೀಟಾ. "ಅವಳಿಗೆ ಹೊಳೀಲಿಲ್ಲವೇನೋ." ಆಮೇಲೆ ನನ್ನ ತಟ್ಟೆಗೆ ಇನ್ನೊಂದು ತುಂಡು ಪೈ ಹಾಕಿದರು.

ಆ ವಾರ ತಂಡ ಮೂರು ಪಂದ್ಯ ಸೋತಿತು. ನನ್ನ ರಕ್ತ ಕುದಿಯಿತು. ರೇಡಿಯೋಗೆ ಫೋನು ಹಚ್ಚಿ ನನ್ನ ಜೀವಮಾನದ ಶ್ರೇಷ್ಠ ಭಾಷಣ ಮಾಡಿದೆ. ಡ್ಯುಪ್ರೀಗೆ ಏನೂ ಆಗಿಲ್ಲ, ಅದು ಐದು ಕೋಟಿ ಡಾಲರಿನ ನಾಟಕ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಕಥೆ ಬರೆಯುವ ಸ್ಥಿತಿಗೆ ಬರುತ್ತಿರಲಿಲ್ಲ. ಉದಾಹರಣೆ ಬೇಕೆನಿಸಿತು. "ನನಗೆ ಗೊತ್ತಿರೋ ಒಬ್ಬ ತಾಯಿ ಇದ್ದಾರೆ. ಅವರ ಮಗನದು ನಿಜವಾದ ಮೊಣಕಾಲು ನೋವು. ಮೆಟ್ಟಿಲು ಹತ್ತೋಕಾಗದೆ ಸೋಫಾದ ಮೇಲೆ ಮಲಗ್ತಾನೆ. ಅಮ್ಮನಿಗೆ ಗೊತ್ತಾಗಬಾರದು ಅಂತ ಕತ್ತಲಲ್ಲಿ ಅಳ್ತಾನೆ. ಅವನಿಗೆ ಕೊಡ್ರಪ್ಪ ಮ್ಯಾಕ್ಸು. ಅಂಥವನಿಗೆ ಎಷ್ಟು ಕೊಟ್ರೂ ಸಾಲದು."

ನಾನು ಫೋನಿಟ್ಟು ಹಿಂದಿರುಗಿದರೆ ಡೋರೀನ್ ಬಾಗಿಲಲ್ಲಿ ನಿಂತಿದ್ದಳು. ಅವಳು ಬೈಯಲಿಲ್ಲ. ನಮ್ಮ ಸಂಸಾರದಲ್ಲಿ ಅದು ಕೆಟ್ಟ ಲಕ್ಷಣ.

ಮುಂದಿನ ಶನಿವಾರ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ವೆರ್ನೀಟಾ. ಅವರ ಹಿಂದೆ ಒಂದು ಕೋಟಿನ ಗುಂಡಿಗಳು ಕಂಡವು. ಮುಖಕ್ಕಾಗಿ ಮೇಲೆ ನೋಡಿದೆ, ಇನ್ನೂ ಮೇಲೆ ನೋಡಿದೆ. ಊರುಗೋಲು ಹಿಡಿದ ಆಂಟ್ವಾನ್ ಡ್ಯುಪ್ರೀ ತಲೆ ಬಗ್ಗಿಸಿ ನಮ್ಮ ಮನೆಯೊಳಗೆ ಬಂದ.

ಅಳತೆ ಕೊಡಲು ಬಂದಿದ್ದನಂತೆ; ಅಡ್ಡಹೆಸರು ಅಪ್ಪನದಂತೆ. ನಾನು ಮಾತೇ ಆಡಬಾರದು, ಧ್ವನಿ ಕೇಳಿದರೆ ಗುರುತು ಹತ್ತುತ್ತದೆ ಎಂದು ಗಂಟಲು ಹಿಡಿದುಕೊಂಡು, ಸ್ವರ ಹೋಗಿದೆ ಎಂಬಂತೆ ಕೈಸನ್ನೆ ಮಾಡಿದೆ. ಡೋರೀನ್ ಟೇಪು ಬಿಚ್ಚುತ್ತ, "ಬೆಳಗ್ಗೆ ಬೇಕನ್ ಮಾಂಸ ಸೀಯಿಸಿದ್ದೀಯ ಅಂತ ಕೂಗಾಡುವಾಗ ಸ್ವರ ಚೆನ್ನಾಗೇ ಇತ್ತು," ಎಂದಳು. ಗಂಡನ ಮರ್ಯಾದೆ ಕಾಯುವುದು ಹೆಂಡತಿಯ ಕರ್ತವ್ಯವೆನ್ನುವವರು ಡೋರೀನಳನ್ನು ಕಂಡಿಲ್ಲ.

ಡ್ಯುಪ್ರೀ ನಮ್ಮ ಕುರ್ಚಿಯಲ್ಲಿ ಮಡಚಿಕೊಂಡು ಕೂತ. ಹತ್ತಿರದಿಂದ ನೋಡಿದರೆ ಇಪ್ಪತ್ತೈದು ಇಪ್ಪತ್ತಾರರ ಹುಡುಗ. ನಿದ್ದೆಗೆಟ್ಟ ಕಣ್ಣು. ಸಿಟ್ಟಿಲ್ಲದ ದನಿಯಲ್ಲಿ ಕೇಳಿದ:

"ನೀವೇ ಲೆನ್ನಿ ಅಲ್ವಾ ಸರ್? ಅವತ್ತು ನಾವಿಬ್ರೂ ಕಾರಲ್ಲಿ ಕೇಳ್ತಿದ್ವಿ. ಅಮ್ಮ ಆಫ್ ಮಾಡೋಕೆ ಹೋದ್ರು, ನಾನೇ ಬೇಡ ಅಂದೆ."

ನಾನು ಗಂಟಲಿನಿಂದ ಕೈ ತೆಗೆದೆ. ಹೌದೆಂದು ತಲೆಯಾಡಿಸಿದೆ.

"ರೇಡಿಯೋದಲ್ಲಿ ನೀವು ನನ್ನ ಬಗ್ಗೆ ಒಳ್ಳೇ ಮಾತಾಡಿದ್ದು ಅದೊಂದೇ ಸಲ," ಎಂದು ಅವನು ನಕ್ಕ. "ಎಷ್ಟು ಕೊಟ್ರೂ ಸಾಲದು ಅಂದ್ರಲ್ಲ."

ಭೂಮಿ ಬಾಯಿ ಬಿಡಲಿ ಎಂದು ಬೇಡಿಕೊಂಡೆ. ಮಿಲ್ವಾಕಿಯ ನೆಲ ಮಾರ್ಚಿನಲ್ಲೂ ಹೆಪ್ಪುಗಟ್ಟಿರುತ್ತದೆ, ಬಾಯಿ ಬಿಡುವುದಿಲ್ಲ. ಅವನು ಅಳತೆಗೆ ಒಳಗೆ ಹೋದ ಮೇಲೆ ವೆರ್ನೀಟಾರ ಕಡೆ ತಿರುಗಿದೆ. ಅವರ ಮುಂದೆ ಅಂದು ಪೈ ಇರಲಿಲ್ಲ.

ಸಂಬಳದ ಬಗ್ಗೆ ಆಡಿದ ಮಾತಿಗೆಲ್ಲ ಕ್ಷಮಿಸಿ ಎಂದು ತೊದಲಿದೆ.

"ಸಂಬಳದ ಮಾತು ಬಿಡಿ," ಎಂದರು. "ಅದನ್ನ ಊರೇ ಆಡುತ್ತೆ. ನನಗೂ ಎಷ್ಟೋ ಸಲ ಜಾಸ್ತಿ ಅನ್ಸಿದೆ, ಇಷ್ಟೊಂದು ದುಡ್ಡು ಹುಡುಗನ್ನ ಏನು ಮಾಡುತ್ತೋ ಅಂತ ಭಯ ಆಗಿದೆ. ಆದ್ರೆ ಸೋಫಾದ ಮಾತು ನಾನು ನಿಮ್ಮ ಅಡುಗೆಮನೇಲಿ ಹೇಳಿದ್ದು, ಲೆನ್ನಿ. ಅವನು ಅಳೋದು ನನಗೆ ಗೊತ್ತಿದೆ ಅಂತ ಅವನಿಗೆ ಗೊತ್ತಿರ್ಲಿಲ್ಲ. ರೇಡಿಯೋದಿಂದ ಗೊತ್ತಾಯ್ತು."

ಬಸ್ಸಿನಲ್ಲಿ ಎಷ್ಟೋ ಜನ ನನ್ನನ್ನು ಬೈದಿದ್ದಾರೆ, ಒಬ್ಬ ಸಾಸೇಜು ಎಸೆದಿದ್ದಾನೆ. ಆದರೆ ಅಂದು ತಗ್ಗಿದಷ್ಟು ನನ್ನ ತಲೆ ಎಂದೂ ತಗ್ಗಿರಲಿಲ್ಲ. ಮೇಜುಬಟ್ಟೆಯ ಚೌಕಗಳನ್ನು ನೋಡುತ್ತ ಕೂತೆ. ಅವರು ಎದ್ದು ತಮ್ಮ ಲೋಟ ತೊಳೆದಿಟ್ಟರು. ಎಂದೂ ತೊಳೆದವರಲ್ಲ. ಪರರ ಮನೆಯಲ್ಲಿ ತೊಳೆಯುವ ಹಾಗೆ ತೊಳೆದರು.

ಅವರು ಹೋದ ಮೇಲೆ ಡೋರೀನಳ ಮೇಲೆ ರೇಗಿದೆ. ಮೊದಲೇ ಯಾಕೆ ಹೇಳಲಿಲ್ಲ?

"ಯಾರಿಗೂ ಹೇಳ್ಬೇಡಿ ಅಂತ ಹುಡುಗ ಅಮ್ಮನ ಕೈಲಿ ಹೇಳಿಕಳಿಸಿದ್ದ. ಹೇಳ್ಬೇಡ ಅಂದ್ರೆ ಹೇಳದೆ ಇರೋ ಜನಾನೂ ಇದ್ದಾರೆ, ಲೆನ್ನಿ." ಆಮೇಲೆ ಗೋಡೆಯ ಕಡೆ ಕತ್ತರಿ ತೋರಿಸಿದಳು. "ಆ ದೊಡ್ಡ ಟಿವಿ ಎಲ್ಲಿಂದ ಬಂತು ಅಂದ್ಕೊಂಡಿದ್ದೆ? ನಿನ್ನ ಪಿಂಚಣಿಯಿಂದಲಾ? ಅವನ ಸೂಟಿನಿಂದ ಬಂದದ್ದು. ಅವನು ಸೂಟು ಹಾಕ್ಕೊಂಡು ಕೂತಿದ್ದಾನೆ ಅಂತ ನೀನು ಬೈತಿದ್ದದ್ದು ಅದೇ ಟಿವಿಗೆ."

ಮರುದಿನ ರೇಡಿಯೋಗೆ ಫೋನು ಮಾಡಿ ಕ್ಷಮೆ ಕೇಳಿದೆ. ಡ್ಯುಪ್ರೀಯ ನೋವು ನಿಜ, ಸಂಬಳ ಸರಿಯಾಗಿದೆ ಎಂದೆ. ಇದ್ದಕ್ಕಿದ್ದ ಹಾಗೆ ಏನಾಯಿತು ಎಂದು ಕೇಳಿದರು. ಹೇಳುವ ಹಾಗಿರಲಿಲ್ಲ, ಡೋರೀನ್ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು ಎದುರಿಗೇ ನಿಂತಿದ್ದಳು. ಸುಮ್ಮನೆ ಅನಿಸಿತು ಎಂದೆ. ನನ್ನ ನಂತರ ಫೋನು ಮಾಡಿದವನು, ಸೌತ್ ಸೈಡ್ ಲೆನ್ನಿಗೆ ಅರುಳು ಮರುಳಾಗಿದೆ, ಮನೆಯವರು ಡಾಕ್ಟರಿಗೆ ತೋರಿಸಲಿ ಎಂದು ಕಳಕಳಿಯಿಂದ ಹೇಳಿದ. ಅಂದಿಗೆ ನನ್ನ ರೇಡಿಯೋ ಸನ್ಯಾಸ ಆರಂಭವಾಯಿತು.

ಮೂರು ಶನಿವಾರ ವೆರ್ನೀಟಾ ಬಾಗಿಲಲ್ಲೇ ಬಟ್ಟೆ ಕೊಟ್ಟು ಹೋದರು. ನಾಲ್ಕನೆಯ ಶನಿವಾರ ಒಳಗೆ ಬಂದು ಕೂತರು. ನಾನು ಕಾಫಿ ಇಟ್ಟೆ, ಬಾಯಿ ತೆರೆಯಲಿಲ್ಲ. ನನ್ನ ಮೌನ ನೋಡಲಾಗದೆಯೋ ಏನೋ, ಮಗ ಆಟಕ್ಕೆ ಮರಳುತ್ತಿದ್ದಾನೆಂದು ಹೇಳಿ, ಆಟಗಾರರ ಕುಟುಂಬದವರ ಸಾಲಿನಲ್ಲಿ ನಮ್ಮಿಬ್ಬರಿಗೂ ಜಾಗ ಇರಿಸಿದ್ದೇವೆ ಎಂದರು. ಅಂಕಣದ ಅಂಚಿನ ಸಾಲು. ನಾನು ಬದುಕಿನಲ್ಲಿ ಕೂತದ್ದು ಛಾವಣಿಯ ಕೆಳಗಿನ ಸಾಲಿನಲ್ಲಿ ಮಾತ್ರ.

ಹೋದೆವು. ಡ್ಯುಪ್ರೀ ಅಂಕಣಕ್ಕೆ ಇಳಿದಾಗ ಜನ ಎದ್ದು ನಿಂತರು. ಅವನು ಮೊದಲ ಸಲ ನೆಗೆದಾಗ ನನಗೆ ಆ ಕಾಲು, ಆ ಪಟ್ಟಿ, ಆ ಸೋಫಾ ಎಲ್ಲ ಒಟ್ಟಿಗೆ ಕಂಡು ಕಣ್ಣು ಮುಚ್ಚಿಕೊಂಡೆ. ಎರಡನೆಯ ಸಲವೂ ಮುಚ್ಚಿದೆ. ಆಮೇಲೆ ತೆರೆಯುವ ಗೋಜಿಗೇ ಹೋಗಲಿಲ್ಲ. ಡೋರೀನ್ ಪಕ್ಕದಲ್ಲಿ ಪಾಪ್‌ಕಾರ್ನ್ ತಿನ್ನುತ್ತ ಕಿರುಚುತ್ತಿದ್ದಳು. ಕಡೆಯ ಗಳಿಗೆಯಲ್ಲಿ ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿದದ್ದು ಕಿವಿಗೆ ತಿಳಿಯಿತು. ಆಮೇಲೆ ಸಿಡಿಲು ಬಡಿದಂಥ ಸದ್ದು. ಯಾರೋ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಕಣ್ಣು ಬಿಡಿ ಲೆನ್ನಿ," ಎಂದರು ವೆರ್ನೀಟಾ. ಅವರ ಕೆನ್ನೆ ಒದ್ದೆಯಾಗಿತ್ತು. "ನಿಂತಿದ್ದಾನೆ, ನೋಡಿ. ಎರಡೂ ಕಾಲ ಮೇಲೆ ನಿಂತಿದ್ದಾನೆ."

ಗೆದ್ದೆವಾ ಎಂದು ಕೇಳಿದೆ. ಅವರು ಅಂಕಗಳ ಫಲಕ ನೋಡಲು ತಲೆಯೆತ್ತಿದರು. ಅವರಿಗೂ ಗೊತ್ತಿರಲಿಲ್ಲ.

ಗೆದ್ದಿದ್ದೆವು.

ಮರುದಿನ ಸಂಜೆ ಡೋರೀನ್ ಹೊಲಿಯುತ್ತ ರೇಡಿಯೋ ಹಾಕಿದಳು. ಫೋನು ಮಾಡಿದವನೊಬ್ಬ ಕೆಂಡವಾಗಿದ್ದ. ಟಿವಿಯಲ್ಲಿ ತೋರಿಸಿದರಂತೆ, ಅಂಕಣದ ಅಂಚಿನಲ್ಲಿ ಬೋಳುತಲೆಯ ಮುದುಕನೊಬ್ಬ ಮೊದಲಿನಿಂದ ಕೊನೆಯವರೆಗೂ ನಿದ್ದೆ ಹೊಡೆಯುತ್ತಿದ್ದನಂತೆ. ಕಡೆಯ ಕ್ಷಣದಲ್ಲಿ ಡ್ಯುಪ್ರೀ ಬುಟ್ಟಿಗೆ ಹಾಕಿದ ಆ ಅದ್ಭುತ ಚೆಂಡನ್ನೂ ನೋಡಲಿಲ್ಲವಂತೆ. ಎಲ್ಲಕ್ಕಿಂತ ದುಬಾರಿಯ ಜಾಗ ಇಂಥ ಕೆಲಸಕ್ಕೆ ಬಾರದವನಿಗೆ ಯಾಕೆ ಕೊಡುತ್ತಾರೆ, ಅದನ್ನು ಪಡೆಯಲು ಇವನು ಮಾಡಿದ್ದಾದರೂ ಏನು ಎಂದು ಅವನು ಕೇಳಿದ.

ಡೋರೀನ್ ಪೆಡಲಿನ ಮೇಲಿಂದ ಕಾಲು ತೆಗೆದಳು. ಯಂತ್ರ ನಿಂತಿತು. ನಮ್ಮ ಸಂಸಾರದಲ್ಲಿ ಮೊದಲ ಬಾರಿಗೆ, ನಾನು ಏನು ಹೇಳುತ್ತೇನೆಂದು ಕೇಳಲು ಅವಳು ಕಾದಳು.

ನಿದ್ದೆಯ ಮಾತೊಂದು ಬಿಟ್ಟರೆ, ಅವನು ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ನನಗೆ ಒಂದು ಮಾತೂ ಸಿಗಲಿಲ್ಲ.