ಅಕ್ಕೋರ ಕೈಯಲ್ಲಿ ಪಾಸಾದವರು

ಹೊನ್ನಾವರದ ನಮ್ಮ ಕೇರಿಯಲ್ಲಿ ಅಕ್ಕೋರ ಕೈಯಲ್ಲಿ ಪಾಸಾದವರನ್ನು ನಾನಂತೂ ಕಂಡಿರಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಇವರು ನಮ್ಮ ಪಕ್ಕದ ಮನೆಯವರು. ಶಾಲೆ ಬಿಟ್ಟಿದ್ದರು, ಪರೀಕ್ಷೆ ಬಿಟ್ಟಿರಲಿಲ್ಲ. ಬಂಗಡೆ ಕೊಳ್ಳುವಾಗ ಕಿವಿರು ಎತ್ತಿ ನೋಡುವುದು ಬಿಡಿ, ಅದನ್ನು ಎಲ್ಲರೂ ಮಾಡುತ್ತಾರೆ. ಅಕ್ಕೋರು ಪಕ್ಕದವರು ಕೊಂಡ ಮೀನಿನ ಕಿವಿರನ್ನೂ ಎತ್ತಿ ನೋಡಿ, "ಇದು ನಿನ್ನೇದು" ಎಂದುಬಿಡುತ್ತಿದ್ದರು! ಅವರು ಬರುವುದು ಕಂಡರೆ ಮೀನಿನ ಹೆಂಗಸರು ಬುಟ್ಟಿ ಮುಚ್ಚುತ್ತಿದ್ದರು.

ಇಗರ್ಜಿಯಲ್ಲಿ ಪಾದ್ರಿ ಬೈಬಲ್ ಓದುವಾಗ ಇವರ ಮಡಿಲಲ್ಲೂ ಒಂದು ಬೈಬಲ್, ಸಾಲಿನ ಮೇಲೆ ಬೆರಳು. ಪೂಜೆ ಮುಗಿದದ್ದೇ ತಡ, "ಫಾದರ್, ಇವತ್ತು ಒಂದು ಸಾಲು ಹಾರ್ಸಿದ್ರಿ."

"ಕನ್ನಡಕ ಮರೆತಿದ್ದೆ ಅಕ್ಕೋರೆ."

"ಮುಂದಿನ ವಾರ ಮರೀಬೇಡಿ."

ಇಂಥವರಿಗೆ ಸ್ವಂತದವರೆಂದು ಇದ್ದದ್ದು ತಂಗಿಯೊಬ್ಬರೇ. ತಾಯಿಯಿಲ್ಲದ ಆ ತಂಗಿಯನ್ನು ಅಕ್ಕೋರೇ ಸಾಕಿ, ಓದಿಸಿ, ಮದುವೆ ಮಾಡಿಸಿದ್ದರು. ಗಂಡ ಹೋದ ಮೇಲೆ ತಂಗಿ ಕುಮಟೆ ಹತ್ತಿರದ ಹೊಳನಗದ್ದೆಯಲ್ಲಿ ಒಬ್ಬರೇ ಇದ್ದರು. ಸಕ್ಕರೆ ಕಾಯಿಲೆ; ದಿನವೂ ಇನ್ಸುಲಿನ್ ಸೂಜಿ ಬೇಕೇ ಬೇಕು.

ಆಗ ಎಲ್ಲಿಂದಲೋ ಒಬ್ಬ ಪ್ರವಾದಿ ಬಂದು ಕುಮಟೆಯಲ್ಲಿ ಪ್ರಾರ್ಥನಾ ಸಭೆ ನಡೆಸತೊಡಗಿದ. ದೇವರು ಅವನ ಕಿವಿಯಲ್ಲೇ ಮಾತಾಡುತ್ತಾನಂತೆ. ಗುಣವಾಗಬೇಕಾದರೆ ಔಷಧ ಬಿಡಬೇಕಂತೆ. ಬಿಡದಿದ್ದರೆ ವಿಶ್ವಾಸ ಕಮ್ಮಿ ಎಂದೇ ಅರ್ಥವಂತೆ. ತಂಗಿ ಸೂಜಿ ಬಿಡುವ ಯೋಚನೆಯಲ್ಲಿದ್ದಾರೆಂದು ಗೊತ್ತಾಗುತ್ತಲೇ ಅಕ್ಕೋರು ನನ್ನನ್ನೂ ಹೊರಡಿಸಿದರು.

"ನಾನೆಂತಕ್ಕೆ ಅಕ್ಕೋರೆ? ನಾನು ನಿಮ್ಮ ಧರ್ಮದವನೂ ಅಲ್ಲ."

"ಸಾಕ್ಷಿಗೆ ಒಬ್ಬ ಬೇಕು. ಬಸ್ ಹತ್ತು."

ಸಭೆಯ ಬಾಗಿಲಲ್ಲಿ ಒಬ್ಬ ನಗುಮುಖದವನು ಹೊಸಬರ ಕಷ್ಟ ವಿಚಾರಿಸುತ್ತಿದ್ದ. ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡು, "ಮಗ ದುಬೈಲಿದ್ದಾನೆ, ಕುಡಿಯೂದು ಬಿಡೂದಿಲ್ಲ" ಎಂದರು. ನಾನು ತೆರೆದ ಬಾಯಿ ಮುಚ್ಚಲಿಲ್ಲ. ಅವನು ತಲೆಯಾಡಿಸಿ ಒಳಗೆ ಹೋದ.

ಹಾಡು, ಕೂಗು ಎಲ್ಲ ಆದ ಮೇಲೆ ಪ್ರವಾದಿ ಕಣ್ಣು ಮುಚ್ಚಿ ಹೇಳಿದ: "ಇಲ್ಲೊಬ್ಬ ತಾಯಿ ಇದ್ದಾಳೆ. ಮಗ ಮರಳುಗಾಡಿನ ದೇಶದಲ್ಲಿ. ಅವನ ಬಾಟಲಿ ಇವತ್ತು ಒಡೀತದೆ."

ಅಕ್ಕೋರು ಎದ್ದು ನಿಂತು, ತರಗತಿಯ ದನಿಯಲ್ಲಿ ಹೇಳಿದರು: "ನನಗೆ ಮದುವೆಯೇ ಆಗ್ಲಿಲ್ಲ. ಮಗ ಎಲ್ಲಿಂದ ಬಂದ, ದೇವರ ಹತ್ರ ಕೇಳಿ ಹೇಳು."

ನನಗೆ ನಗು ತಡೆಯಲಾಗಲಿಲ್ಲ. ಪ್ರವಾದಿ ಮಾತ್ರ ಕದಲಲಿಲ್ಲ. "ಸೈತಾನನೂ ಸಭೆಗೆ ಬರ್ತಾನೆ" ಎಂದ. ಜನ ಚಪ್ಪಾಳೆ ತಟ್ಟಿದರು.

ಸಭೆಯಲ್ಲೇ ಕೂತಿದ್ದ ತಂಗಿ ಹೊರಗೆ ಬಂದು ನಮ್ಮನ್ನು ತಡೆದರು. "ದೇವರ ಮುಂದೆ ಸುಳ್ಳು ಹೇಳ್ದೋಳು ನೀನು, ಅವ್ರಲ್ಲ. ಇನ್ನು ನಮ್ಮನೆಗೆ ಬರೂದು ಬೇಡ."

ಪ್ರವಾದಿ ಫೇಲಾಗಿದ್ದ, ನಿಜ. ಅದರಿಂದ ಏನು ಬಂತು? ಅಕ್ಕ ಪ್ರವಾದಿಗೆ ಮಾಡಿದ ಅವಮಾನಕ್ಕೆ ತಾನು ಉತ್ತರ ಕೊಡಬೇಕೆಂದು ತಂಗಿ ಅಂದಿನಿಂದಲೇ ಸೂಜಿ ಬಿಟ್ಟರು. ಅಕ್ಕೋರು ಐಸ್ ತುಂಬಿದ ಫ್ಲಾಸ್ಕಿನಲ್ಲಿ ಇನ್ಸುಲಿನ್ ಇಟ್ಟುಕೊಂಡು ಹೊಳನಗದ್ದೆಗೆ ಹೋಗುತ್ತಿದ್ದರು, ಮುಚ್ಚಿದ ಬಾಗಿಲು ನೋಡಿ ಹಿಂದಿರುಗುತ್ತಿದ್ದರು. ಮೀನು ಪೇಟೆಯಲ್ಲಿ ಯಾರ ಬುಟ್ಟಿಯನ್ನೂ ಮುಟ್ಟದಾದರು. ಮೀನಿನ ಹೆಂಗಸರೇ ನನ್ನನ್ನು ಕೇಳಿದರು, "ಅಕ್ಕೋರಿಗೆ ಎಂತ ಆತು?"

ಕೊನೆಗೆ ನೆರೆಯವರು ತಂಗಿಯನ್ನು ಆಸ್ಪತ್ರೆಗೆ ಹೊತ್ತು ತಂದಾಗ ಕಾಲಿನಲ್ಲೊಂದು ಗಾಯ ಮಾಯದೆ ಕಪ್ಪಾಗಿತ್ತು, ನಂಜು ಮೈಗೆಲ್ಲ ಏರಿತ್ತು. ಪ್ರವಾದಿ ಅಷ್ಟರಲ್ಲಿ ಭಟ್ಕಳದ ಕಡೆ ಬ್ಯಾನರ್ ಕಟ್ಟಿಸುತ್ತಿದ್ದ. ಪ್ರಾರ್ಥಿಸಿ ಎಂದು ತಂಗಿಯೇ ಫೋನು ಮಾಡಿಸಿದರೆ, "ಆಕೆಗೆ ವಿಶ್ವಾಸ ಸಾಲಲಿಲ್ಲ" ಎಂದು ಇಟ್ಟುಬಿಟ್ಟ.

ಅಕ್ಕೋರು ಮಂಚದ ಪಕ್ಕ ಕೂತರು. ತಂಗಿ ಕೇಳಿದರು, "ಅಕ್ಕಾ, ನನ್ನ ವಿಶ್ವಾಸ ಕಮ್ಮಿ ಆತಾ?"

ನಾನು ಹೆದರಿದೆ. ಒಂದು ಸಾಲು ಹಾರಿಸಿದ್ದಕ್ಕೆ ಪಾದ್ರಿಯನ್ನೂ ಬಿಡದವರು ಇವರು. ಅಕ್ಕೋರು ತಂಗಿಯ ಕೆದರಿದ ತಲೆಗೂದಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಇಲ್ಲ. ನಿನ್ನ ವಿಶ್ವಾಸದಲ್ಲಿ ಎಂತದೂ ಕಮ್ಮಿ ಇರ್ಲಿಲ್ಲ. ನಾನು ನೋಡಿದ್ದೆ."

ತಂಗಿ ಮರುದಿನ ತೀರಿಕೊಂಡರು. ಆದರೆ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಅಕ್ಕ ನೋಡಿ ಸರಿ ಎಂದರೆ ಅದು ಸರಿಯೇ ಎಂದು ಅವರಿಗೆ ಚಿಕ್ಕಂದಿನಿಂದ ಗೊತ್ತಿತ್ತು.